ರ‍್ಯಾಂಪ್ ಇದೆ, ಹತ್ತೋಕಾಗಲ್ಲ: ದೂರಿನ ಕರಡು ಹಾಕಿದ್ದೀನಿ, ನೋಡಿ ಹೇಳಿ

ಮೂರನೇ ಮೆಟ್ಟಿಲು (ಚರ್ಚೆ ಶುರು ಮಾಡಿದವರು), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಊರು, ಕಚೇರಿಯ ಹೆಸರು ಬೇಡ, ನಾಳೆ ನಾಡಿದ್ದು ಅದೇ ಬಾಗಿಲಿಗೆ ಹೋಗಬೇಕು. ಮಗುವಾಗಿದ್ದಾಗ ಪೋಲಿಯೋ ಆಗಿತ್ತು. ಮೂವತ್ತೈದರವರೆಗೆ ಕಾಲಿಗೆ ಕ್ಯಾಲಿಪರ್ (ಆಸರೆ ಪಟ್ಟಿ) ಹಾಕ್ಕೊಂಡು ಊರುಗೋಲಲ್ಲಿ ಓಡಾಡಿದೆ. ಆಮೇಲೆ ಭುಜ ಹೋಯ್ತು, ಈಗ ಏಳು ವರ್ಷದಿಂದ ಗಾಲಿಕುರ್ಚಿ. ಹೊಟ್ಟೆಪಾಡಿಗೆ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಕ್ರಯಪತ್ರ, ಕರಾರು, ತಹಸೀಲ್ದಾರರಿಗೆ ಅರ್ಜಿ, ಎಲ್ಲ ಟೈಪ್ ಮಾಡಿಕೊಡ್ತೀನಿ.

ವಿಷಯ ಇಷ್ಟು. ನಮ್ಮ ಪಟ್ಟಣದ ಒಂದು ಸರ್ಕಾರಿ ಕಚೇರಿಗೆ ಮೂರು ಮೆಟ್ಟಿಲು. ಹೋದ ವರ್ಷದವರೆಗೆ ರ‍್ಯಾಂಪ್ ಇರಲಿಲ್ಲ. ಹೊರಗಿಂದ ಕೂಗಿದ್ರೆ ಜವಾನರು ಬಂದು ಕಾಗದ ಇಸ್ಕೊಂಡು ಹೋಗೋರು, ಇಲ್ಲಾಂದ್ರೆ ಯಾರೋ ಇಬ್ಬರು ಕುರ್ಚಿ ಸಮೇತ ಎತ್ತೋರು. ಕಟ್ಟಡ ದುರಸ್ತಿ ಮಾಡಿದಾಗ ರ‍್ಯಾಂಪ್ ಬಂತು. ಗೋಡೆಗೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿ ಚಿತ್ರವೂ ಬಂತು. ನಾನೂ ಖುಷಿಯಾಗಿ ಹೋದೆ.

ಅರ್ಧ ಹತ್ತೋ ಅಷ್ಟರಲ್ಲಿ ಕುರ್ಚಿಯ ಮುಂದಿನ ಚಕ್ರ ಮೇಲೆದ್ದು ಹಿಂದಕ್ಕೆ ಜಾರಿತು. ಬೀಡಿ ಸೇದ್ತಾ ನಿಂತಿದ್ದ ಒಬ್ಬರು ಹಿಡಿದರು, ಇಲ್ಲದಿದ್ರೆ ತಲೆ ಒಡೀತಿತ್ತು. ಮರುದಿನ ಅಂಗಡಿ ಹುಡುಗನ ಕೈಗೆ ಟೇಪು ಕೊಟ್ಟು ಕಳಿಸಿದೆ. ಮೆಟ್ಟಿಲು ಒಂದೊಂದು ಅರ್ಧ ಅಡಿ, ಒಟ್ಟು ಎತ್ತರ ಒಂದೂವರೆ ಅಡಿ. ರ‍್ಯಾಂಪಿನ ಉದ್ದ ಬರೀ ಆರು ಅಡಿ. ಕನ್ನಡಿ ಹಾಗೆ ಹೊಳೆಯೋ ಗ್ರಾನೈಟು. ಹಿಡಿಯೋಕೆ ಕಂಬಿ ಇಲ್ಲ. ಮೇಲೆ ಹೋದ್ರೆ ಬಾಗಿಲು ನಮ್ಮ ಕಡೆಗೇ ತೆರೆಯುತ್ತೆ, ಅಂದ್ರೆ ಅದನ್ನ ತೆಗೆಯೋಕೆ ಮತ್ತೆ ಹಿಂದಕ್ಕೆ ಇಳೀಬೇಕು!

ಸಾಹೇಬರನ್ನ ಕೇಳಿದ್ರೆ, "ಮಾಡ್ಸಿದೀವಲ್ಲಪ್ಪ, ಇನ್ನೇನು" ಅಂದ್ರು. ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ಮುಂಚೆ ಇಲ್ಲ ಅನ್ನೋದಾದ್ರೂ ಎಲ್ಲರಿಗೂ ಕಾಣ್ತಿತ್ತು. ಈಗ ಕಡತದಲ್ಲಿ "ಇದೆ". ಬಿಲ್ಲೂ ಆಗಿದೆ.

ದೂರಿನ ಕರಡು ಪಿಡಿಎಫ್ ಮಾಡಿ ಹಾಕಿದ್ದೀನಿ, ನಾಲ್ಕು ಫೋಟೋ ಇದೆ. ಯಾರಿಗೆ ಕೊಡಬೇಕು, ಯಾವ ಸೆಕ್ಷನ್ ಹಾಕಬೇಕು, ತಿಳಿದವರು ಹೇಳಿ.

ಬೆದ್ರದ ಇಂಜಿನಿಯರ್

ಮಾರಾಯ್ರೆ, ಫೋಟೋ ನೋಡಿ ತಲೆ ಬಿಸಿ ಆಯ್ತು. ಅದು ರ‍್ಯಾಂಪ್ ಅಲ್ಲ, ಬೈಕ್ ಒಳಗೆ ಹತ್ತಿಸ್ಲಿಕ್ಕೆ ಇಡ್ತಾರಲ್ಲ, ಆ ಹಲಗೆ.

ಲೆಕ್ಕ ತುಂಬ ಸುಲಭ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಒಂದು ಅಡಿ ಏರ್ಲಿಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮಲ್ಲಿ ಒಂದೂವರೆ ಅಡಿ ಎತ್ತರ, ಹಾಗಾಗಿ 18 ಅಡಿ ಬೇಕು. ಅವರು ಕೊಟ್ಟದ್ದು ಆರು ಅಡಿ, ಅಂದರೆ 1:4. ನೀವು ಮಾತ್ರ ಅಲ್ಲ, ನಿಮ್ಮನ್ನು ಹಿಂದಿನಿಂದ ತಳ್ಳುವವರೂ ಬೀಳ್ತಾರೆ.

"18 ಅಡಿಗೆ ಜಾಗ ಎಲ್ಲುಂಟು" ಅಂತ ಕೇಳ್ತಾರೆ, ಕೇಳಿಯೇ ಕೇಳ್ತಾರೆ. ನೇರ ಹೋಗಬೇಕು ಅಂತ ಎಲ್ಲಿ ಬರೆದಿದೆ? ಗೋಡೆಗೆ ತಾಗಿಸಿ ಒಂಬತ್ತು ಅಡಿ, ನಡುವೆ ಸಪಾಟು ಜಾಗ, ತಿರುಗಿ ಒಂಬತ್ತು ಅಡಿ. ತಿರುಗುವಲ್ಲಿ ಮತ್ತು ಬಾಗಿಲ ಮುಂದೆ 1500 ಮಿ.ಮೀ. ಚೌಕ ಸಪಾಟು ಬೇಕು, ಇಲ್ಲದಿದ್ರೆ ಕುರ್ಚಿ ತಿರುಗುವುದಿಲ್ಲ. ಅಗಲ 1200 ಮಿ.ಮೀ. ಎರಡೂ ಬದಿಗೆ ಕಂಬಿ, ಅದೂ ಎರಡು ಎತ್ತರದಲ್ಲಿ, ಕೂತವರಿಗೆ ಒಂದು, ನಡೆಯುವವರಿಗೆ ಒಂದು. ಅಂಚಿಗೆ ಸಣ್ಣ ಕಟ್ಟೆ ಬೇಕು, ಚಕ್ರ ಹೊರಗೆ ಜಾರಬಾರದಲ್ಲ. ಗ್ರಾನೈಟೇ ಬೇಕಾದರೆ ಉಜ್ಜಿ ಹೊಳಪು ಮಾಡದ್ದು ಹಾಕಲಿ. ನನ್ನನ್ನು ಕೇಳಿದರೆ ಗೀರು ಹಾಕಿದ ಸಿಮೆಂಟೇ ಒಳ್ಳೆಯದು, ಖರ್ಚೂ ಕಮ್ಮಿ. ನಮ್ಮ ಮಳೆಗಾಲದಲ್ಲಿ ಹೊಳಪಿನ ಗ್ರಾನೈಟ್ ಮೇಲೆ ಕಾಲು ಸರಿ ಇದ್ದವರೇ ನಿಲ್ಲುವುದಿಲ್ಲ.

ಬಾಗಿಲಿನ ತೆರವು 900 ಮಿ.ಮೀ. ಬರಬೇಕು. ಶೌಚಾಲಯ ಅಳೆದಿದ್ದೀರಾ?

ಮೂರನೇ ಮೆಟ್ಟಿಲು

ಶೌಚಾಲಯ ಇದೆ ಸರ್. ಬಾಗಿಲ ಮೇಲೆ ಬೋರ್ಡೂ ಇದೆ. ಬೀಗ ಹಾಕಿದ್ದಾರೆ. ಒಂದ್ಸಲ ತೆಗೆಸಿ ನೋಡಿದೆ, ಒಳಗೆ ಫಿನಾಯಿಲ್ ಕ್ಯಾನು, ಪೊರಕೆ, ಮುರಿದ ಎರಡು ಕುರ್ಚಿ, ಯಾವುದೋ ಕಾಲದ ಕಡತದ ಗಂಟು.

ಲೆಕ್ಕಿಗ

ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. ಆ ಕಚೇರಿಗೆ ಗಾಲಿಕುರ್ಚಿಯಲ್ಲಿ ತಿಂಗಳಿಗೆ ಎಷ್ಟು ಜನ ಬರ್ತಾರೆ? ಒಬ್ಬರೋ ಇಬ್ಬರೋ. ಅದಕ್ಕೆ ಕಟ್ಟಡ ಒಡೆದು ಕಟ್ಟೋ ಬದಲು ಆ ಒಬ್ಬರ ಮನೆಗೇ ಸೇವೆ ಕೊಡಬಹುದಲ್ವಾ? ಶಾಲೆಗೇ ಸೂರಿಲ್ಲದ ಕಡೆ ಇದೆಲ್ಲ ಎಷ್ಟನೇ ಆದ್ಯತೆ?

ಹೇಮಾವತಿ ದಂಡೆ

ಲೆಕ್ಕಿಗರೇ, ಬಸ್ಸೇ ನಿಲ್ಲದ ಊರಲ್ಲಿ ಟಿಕೆಟ್ ತಗೊಂಡೋರು ಎಷ್ಟು ಅಂತ ಕಂಡಕ್ಟರ್ ಕೇಳಿದ ಹಾಗಾಯ್ತು.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಲೆಕ್ಕ 13 ಲಕ್ಷ 24 ಸಾವಿರ. ಅದೂ ಹಳೇ ಪಟ್ಟಿ ಪ್ರಕಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಇನ್ನು ನನ್ನ ಅತ್ತೆಯವರು ಯಾವ ಪಟ್ಟಿಯಲ್ಲೂ ಇಲ್ಲ, ಮಂಡಿ ನೋವು ಅಷ್ಟೇ. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಕೊಡಿಸೋಕೆ ಕರ್ಕೊಂಡು ಹೋಗಿದ್ದೆ, ಕಚೇರಿ ಮೊದಲನೇ ಮಹಡಿಯಲ್ಲಿ. ಮುದುಕರ ಪಿಂಚಣಿ ಅರ್ಜಿ ಮಹಡಿ ಮೇಲೆ! ಮೆಟ್ಟಿಲ ಮಧ್ಯೆ ಕೂತು ಅತ್ತೆ, "ನನಗೆ ಇದು ಬೇಡ ಬಿಡೇ, ಮನೆಗೆ ಹೋಗಣ" ಅಂದ್ರು.

ಕೇಳಿ ಓದುವವ

ಮೂರನೇ ಮೆಟ್ಟಿಲು ಅವರಿಗೆ ನಮಸ್ಕಾರ. ನಾನು ಬ್ಯಾಂಕ್ ಉದ್ಯೋಗಿ, ಬೆಂಗಳೂರು. ಹುಟ್ಟಿನಿಂದ ಕಣ್ಣು ಕಾಣಿಸಲ್ಲ. ಎನ್‌ವಿಡಿಎ ಅನ್ನೋ ತೆರೆ ಓದುಗ ತಂತ್ರಾಂಶ ಬಳಸಿ ಇಲ್ಲಿ ಎಲ್ಲ ಓದ್ತೀನಿ, ಬರೀತೀನಿ.

ನಿಮ್ಮ ಪೋಸ್ಟ್ ಓದಿ ಸಿಟ್ಟು ಬಂತು, ದೂರಿನಲ್ಲಿ ಕೈಜೋಡಿಸೋಣ ಅಂತ ಪಿಡಿಎಫ್ ತೆರೆದೆ. ನನ್ನ ಕಂಪ್ಯೂಟರ್ ಓದಿದ್ದು ಹೀಗೆ: "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್". ಎರಡು ಪುಟವೂ ಹೀಗೇ. ತಮಾಷೆ ಅಂದ್ರೆ ಈಗ ಕೇಳಿಸಿದ ಆ ಏಳು ಅಕ್ಷರ ಸೇರಿದ್ರೆ "ಕನ್ನಡ" ಅನ್ನೋ ಪದ, ಇಷ್ಟು ವರ್ಷದಲ್ಲಿ ಅಷ್ಟು ಗುರುತು ಹತ್ತಿದೆ. ನೀವು ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ್ದೀರಿ. ಕಣ್ಣಿಗೆ ಕನ್ನಡ ಕಾಣುತ್ತೆ, ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕನ್ನಡದ ವೇಷ ಹಾಕಿರುತ್ತೆ ಅಷ್ಟೇ.

ಫೋಟೋ ನಾಲ್ಕೂ ನನಗೆ "ಚಿತ್ರ, ಚಿತ್ರ, ಚಿತ್ರ, ಚಿತ್ರ". ಯಾವುದರಲ್ಲಿ ಏನಿದೆ ಅಂತ ಒಂದೊಂದು ಸಾಲು ಬರೆದಿದ್ರೆ ಸಾಕಿತ್ತು.

ತಪ್ಪು ತಿಳೀಬೇಡಿ. ನಿಮ್ಮ ರ‍್ಯಾಂಪ್ ದೂರಿಗೆ ನನಗೂ ಮೂರು ಮೆಟ್ಟಿಲು ಇತ್ತು, ಅದನ್ನ ಹೇಳಿದೆ.

ಮೂರನೇ ಮೆಟ್ಟಿಲು

ಸರ್, ಇದನ್ನ ಓದಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಹದಿನೆಂಟು ವರ್ಷದಿಂದ ಟೈಪ್ ಮಾಡ್ತಿದ್ದೀನಿ. ಎಷ್ಟು ಸಾವಿರ ಪುಟ ಆಗಿರಬಹುದೋ. ಒಬ್ಬರೂ ಇದನ್ನ ಹೇಳಿರಲಿಲ್ಲ. ಹೇಳೋದು ಹೇಗೆ, ಅವರಿಗೆ ಓದೋಕೇ ಆಗ್ತಿರಲಿಲ್ಲವಲ್ಲ. ಯೂನಿಕೋಡ್ (ಒಳಗೂ ಕನ್ನಡವೇ ಇರೋ ಅಕ್ಷರ) ಗೊತ್ತು, ವಾಟ್ಸಾಪಲ್ಲಿ ಅದನ್ನೇ ಬರೆಯೋದು. ಆದ್ರೆ ಕಚೇರಿಯವರು "ನುಡಿ 01ರಲ್ಲೇ ಕೊಡಿ, ಇಲ್ಲಾಂದ್ರೆ ನಮ್ಮ ಮಾದರಿಗೆ ಹೊಂದಲ್ಲ" ಅಂತಾರೆ. ಕೈಗೂ ಅದೇ ಪಳಗಿದೆ.

ಫೋಟೋ ವಿವರ: 1. ರ‍್ಯಾಂಪ್ ಪಕ್ಕದಿಂದ, ಮೂರು ಮೆಟ್ಟಿಲಿಗೆ ಒತ್ತಿಕೊಂಡ ಹಾಗಿದೆ. 2. ಮೇಲಿನಿಂದ, ಬಾಗಿಲು ತೆರೆದಾಗ ರ‍್ಯಾಂಪಿನ ತುದಿಯನ್ನ ಪೂರ್ತಿ ಮುಚ್ಚುತ್ತೆ. 3. ಟೇಪು ಹಿಡಿದ ನಮ್ಮ ಹುಡುಗ, ಆರು ಅಡಿ ಅಂತ ಕಾಣುತ್ತೆ. 4. ರ‍್ಯಾಂಪ್ ಕೆಳಗೆ ಅಡ್ಡ ನಿಲ್ಲಿಸಿದ ಮೂರು ಬೈಕು. ನಾಲ್ಕನೇದು ಪ್ರತಿದಿನದ ಚಿತ್ರ.

ಕೇಳಿ ಓದುವವ

ಕೈ ಪಳಗಿದ್ದು ವ್ಯರ್ಥ ಆಗಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಯೂನಿಕೋಡ್‌ಗೂ ಇದೆ, ಬೆರಳು ಅದೇ ಜಾಗಕ್ಕೆ ಹೋಗುತ್ತೆ. ಈಗಿನ ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಳೇ ಕಡತ ಬದಲಿಸೋಕೆ ಉಚಿತ ಪರಿವರ್ತಕ ಸಿಗುತ್ತವೆ, ಅರ್ಕಾವೊತ್ತು ಬಂದ ಕಡೆ ಒಮ್ಮೊಮ್ಮೆ ಎಡವುತ್ತವೆ, ಒಂದು ಸಲ ಕಣ್ಣಾಡಿಸಬೇಕು.

ಕಚೇರಿಗಳ ವಿಷಯ ಹೇಳಿದ್ರೆ ಮುಗಿಯಲ್ಲ. ಸುತ್ತೋಲೆಯನ್ನ ಟೈಪ್ ಮಾಡ್ತಾರೆ, ಪ್ರಿಂಟ್ ತೆಗೀತಾರೆ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕ್ತಾರೆ. ಅಲ್ಲಿಗೆ ಅದು ಅಕ್ಷರ ಅಲ್ಲ, ಫೋಟೋ. ನಮ್ಮಂಥವರ ಸೌಲಭ್ಯದ ಆದೇಶವನ್ನೇ ಹೀಗೆ ಹಾಕಿದ್ದಿದೆ, ಅದನ್ನ ನನಗೆ ಓದಿ ಹೇಳಿದ್ದು ಹತ್ತನೇ ಕ್ಲಾಸಿನ ಅಣ್ಣನ ಮಗ.

2016ರ ಕಾಯ್ದೆಯ 42ನೇ ಸೆಕ್ಷನ್ ಇದಕ್ಕೇ ಇರೋದು. ಜಾಲತಾಣ, ಆ್ಯಪ್ ನಮ್ಮಂಥವರಿಗೂ ಬಳಸೋಕೆ ಆಗಬೇಕು ಅನ್ನೋದಕ್ಕೆ ಐಎಸ್ 17802 ಅಂತ ಮಾನಕವೂ ಇದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಬ್ಯಾಂಕಿನ ಕೆವೈಸಿಗೆ ಕಣ್ಣು ಮಿಟುಕಿಸಿ ಅಂತ ಕೇಳ್ತಾರಲ್ಲ, ಆ್ಯಸಿಡ್ ದಾಳಿಗೆ ಒಳಗಾದವರು, ನಾವು, ಏನು ಮಿಟುಕಿಸೋದು? ಆ ಪ್ರಕರಣ ಅದರದ್ದೇ. ನಾನೇ ಬ್ಯಾಂಕಲ್ಲಿ ಕೂತು ಹೇಳ್ತಿದ್ದೀನಿ, ನನ್ನ ಸ್ವಂತ ಕೆವೈಸಿಗೆ ಹೆಂಡತಿ ಫೋನ್ ಹಿಡಿದು "ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ" ಅನ್ನಬೇಕು.

ಸರ್ಕಾರಿ ಚಾಕರ

ಎಲ್ಲರೂ ನಮ್ಮನ್ನ ಬೈತಿದ್ದೀರಿ, ಒಂದೆರಡು ಮಾತು. ನಾನು ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡೋನು. ರ‍್ಯಾಂಪ್ ಕಟ್ಟಬೇಕು ಅಂತ ಸುತ್ತೋಲೆ ಬರುತ್ತೆ. ಎಸ್ಟಿಮೇಟಲ್ಲಿ "ರ‍್ಯಾಂಪ್, ಒಂದು" ಅಂತ ಇರುತ್ತೆ. ಗುತ್ತಿಗೆದಾರ ಮೇಸ್ತ್ರಿಗೆ ಹೇಳ್ತಾನೆ, ಮೇಸ್ತ್ರಿ ಜಾಗ ಇದ್ದಷ್ಟು ಕಟ್ತಾನೆ. ಅಳತೆ ಪುಸ್ತಕದಲ್ಲಿ ಘನ ಮೀಟರ್ ಬರೆಯೋಕೆ ಜಾಗ ಇದೆ, ಇಳಿಜಾರು ಬರೆಯೋಕೆ ಇಲ್ಲ. ಆಮೇಲೆ ಮೇಲಿನವರು "ರ‍್ಯಾಂಪ್ ಇದೆಯೇ: ಹೌದು/ಇಲ್ಲ" ಅಂತ ನಮೂನೆ ಕಳಿಸ್ತಾರೆ. ನಾವು "ಹೌದು" ಅಂತ ಬರೀತೀವಿ. ಸುಳ್ಳಲ್ಲವಲ್ಲ.

ಸ್ಥಳೀಯ ಸಂಸ್ಥೆಗಳು ಅನುದಾನದಲ್ಲಿ ಶೇ 5ರಷ್ಟನ್ನ ಅಂಗವಿಕಲರಿಗೆ ಇಡಬೇಕು. ಅದರಲ್ಲಿ ಹೆಚ್ಚಿನಂಶ ವೈಯಕ್ತಿಕ ಸಹಾಯಧನಕ್ಕೆ ಹೋಗುತ್ತೆ, ಯಾಕಂದ್ರೆ ಕೊಟ್ಟಿದ್ದು ಕಾಣಬೇಕು, ಫೋಟೋ ತೆಗೀಬೇಕು. ಬಾಡಿಗೆ ಕಟ್ಟಡದ ಕಚೇರಿಗಳ ಕಷ್ಟ ಬೇರೆ, ಅಲ್ಲಿ ಮೊಳೆ ಹೊಡೆಯೋಕೂ ಮಾಲೀಕನ ಅಪ್ಪಣೆ ಬೇಕು.

ಬೆದ್ರದ ಇಂಜಿನಿಯರ್

ಚಾಕರರೇ, ಸತ್ಯ ಹೇಳಿದ್ರಿ, ಅದಕ್ಕೆ ಥ್ಯಾಂಕ್ಸ್. ಆ ನಮೂನೆಯಲ್ಲಿ "ಹೌದು/ಇಲ್ಲ" ತೆಗೆದು "ಎತ್ತರ ಎಷ್ಟು, ಉದ್ದ ಎಷ್ಟು" ಅಂತ ಎರಡು ಖಾನೆ ಹಾಕಿದರೆ ಅರ್ಧ ರೋಗ ವಾಸಿ.

ಇದೇ ಜಾತಿಯ ಇನ್ನೊಂದು: ಫುಟ್‌ಪಾತಿನ ಹಳದಿ ಟೈಲ್ಸ್. ಉದ್ದ ಗೆರೆ ಇದ್ದರೆ "ಹೀಗೆ ಮುಂದೆ ಹೋಗಿ", ಚುಕ್ಕಿ ಇದ್ದರೆ "ನಿಲ್ಲಿ, ಮುಂದೆ ಏನೋ ಉಂಟು". ನಮ್ಮವರಿಗೆ ಅದು ಅಲಂಕಾರ. ಗೆರೆ ಹಿಡಿದು ಹೋದರೆ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಹಣೆ.

ಕೇಳಿ ಓದುವವ

ಹಣೆಯ ಮೇಲೆ ಗುರುತು ಇದೆ, ತೋರಿಸ್ತೀನಿ.

ಕೋರ್ಟು ಕಟ್ಟೆ

ಮೈಸೂರಿನಲ್ಲಿ ವಕೀಲಿ ಮಾಡ್ತೀನಿ. ಸೆಕ್ಷನ್ ಕೇಳಿದ್ದಿರಿ, ಸ್ವಲ್ಪ ಉದ್ದ ಆಗುತ್ತೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 44ನೇ ಸೆಕ್ಷನ್ ಪ್ರಕಾರ, ನಕ್ಷೆಯಲ್ಲಿ ಸುಗಮ್ಯತೆಯ (ಎಲ್ಲರೂ ಒಳಗೆ ಬಂದು ಬಳಸೋ ಹಾಗಿರಬೇಕು ಅನ್ನೋ) ನಿಯಮ ಪಾಲಿಸದ ಕಟ್ಟಡಕ್ಕೆ ಪರವಾನಗಿ ಕೊಡುವಂತಿಲ್ಲ, ಕಟ್ಟಿದ ಮೇಲೆ ಪಾಲಿಸಿಲ್ಲ ಅಂತ ಕಂಡರೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. 45ನೇದು ಹಳೇ ಕಟ್ಟಡಗಳಿಗೆ: ನಿಯಮ ಬಂದ ದಿನದಿಂದ ಐದು ವರ್ಷದೊಳಗೆ ಸರಿಪಡಿಸಬೇಕು. ನಿಯಮ ಬಂದಿದ್ದು 2017ರ ಜೂನ್ 15ಕ್ಕೆ. ಐದು ವರ್ಷ ಯಾವಾಗ ಮುಗಿಯಿತು, ನೀವೇ ಬೆರಳು ಮಡಿಸಿ. 89ನೇದು ದಂಡ. ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ.

ಇಲ್ಲಿ ಒಂದು ತೊಡಕು ಇದೆ, ಎದುರಿನವರು ಎತ್ತಬಹುದು. 2017ರ ನಿಯಮಗಳ 15ನೇ ನಿಯಮ ಅಳತೆಗಳಿಗೆ ಕೇಂದ್ರದ ಮಾರ್ಗಸೂಚಿಯನ್ನ ತೋರಿಸಿ ಕೈತೊಳೆದುಕೊಂಡಿತ್ತು. ಮೊದಲು 2016ರ ಮಾರ್ಗಸೂಚಿ, 2023ರ ತಿದ್ದುಪಡಿಯಿಂದ 2021ರದ್ದು. ಮಾರ್ಗಸೂಚಿಯ ಭಾಷೆ "ಮಾಡಿದರೆ ಒಳ್ಳೆಯದು" ಅನ್ನೋ ಥರ, ಕಾಯ್ದೆಯದ್ದು "ಮಾಡಲೇಬೇಕು". ರಾಜೀವ್ ರತೂರಿ ಅನ್ನೋ ದೃಷ್ಟಿಹೀನರು ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 15ರಂದೇ ಗಡುವುಗಳನ್ನ ಕೊಟ್ಟಿತ್ತು. ಕೆಲಸ ಸಾಗಲಿಲ್ಲ. 2024ರ ನವೆಂಬರ್ 8ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಪೀಠ, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ವರದಿ ತರಿಸಿ ನೋಡಿ, 15(1)ನೇ ನಿಯಮ ಕಾಯ್ದೆಗೇ ವಿರುದ್ಧ ಅಂತ ತೀರ್ಪು ಕೊಟ್ಟಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಿ, ಪಾಲಿಸದಿದ್ದರೆ ಪ್ರಮಾಣಪತ್ರ ತಡೆಯಿರಿ, ದಂಡ ಹಾಕಿ ಅಂತ ಕೇಂದ್ರಕ್ಕೆ ಹೇಳಿತು. ಹಾಗಾಗಿ "ಅವೆಲ್ಲ ಬರೀ ಸಲಹೆ ರೀ" ಅಂತ ಯಾರಾದ್ರೂ ಅಂದ್ರೆ ಈ ತೀರ್ಪನ್ನ ಮುಂದಿಡಿ.

ಈಗ ನಿಮ್ಮ ಕೆಲಸ. ಮೊದಲು 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ದುರಸ್ತಿಯ ಎಸ್ಟಿಮೇಟ್, ಅಳತೆ ಪುಸ್ತಕದ ಪ್ರತಿ, ಕೆಲಸ ಮುಗಿದ ವರದಿ, ಈ ಮೂರನ್ನ ಕೇಳಿ. ಯಾರು ಸಹಿ ಹಾಕಿದ್ದಾರೆ ಅಂತ ಅದರಲ್ಲಿ ಬರುತ್ತೆ. ಅದರ ಜೊತೆಗೇ ಆ ಕಚೇರಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯೂ ಒಬ್ಬರನ್ನ ನೇಮಿಸಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು. ಅವರು ಸ್ಪಂದಿಸದಿದ್ರೆ ಜಿಲ್ಲಾ ಸಮಿತಿ. ನೇರವಾಗಿ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೂ ಬರೆಯಬಹುದು. ಅವರಿಗೆ ಸಿವಿಲ್ ಕೋರ್ಟಿನ ಹಾಗೆ ಅಧಿಕಾರಿಗಳನ್ನ ಕರೆಸೋ ಅಧಿಕಾರ ಇದೆ. ಅವರ ಶಿಫಾರಸಿನ ಮೇಲೆ ಏನು ಮಾಡಿದಿರಿ ಅಂತ ಇಲಾಖೆ ಮೂರು ತಿಂಗಳಲ್ಲಿ ಹೇಳಬೇಕು.

ಒಂದು ಸಲಹೆ: ದೂರಿನಲ್ಲಿ "ದಯವಿಟ್ಟು ಕರುಣೆ ತೋರಿ" ಅಂತ ಬರೆದಿದ್ದೀರಿ. ತೆಗೆಯಿರಿ. ಅಳತೆ ಬರೆಯಿರಿ.

ಧಾರವಾಡದ ಅಕ್ಕ

ಎಲ್ಲಾರೂ ರ‍್ಯಾಂಪಿಂದ ಮಾತಾಡಾಕತ್ತೀರಿ, ನಮ್ಮದೂ ಒಂದೀಟು ಕೇಳ್ರಿ. ನಮ್ಮ ತಂಗಿಗೆ ಕಿವಿ ಕೇಳಂಗಿಲ್ಲ. ಕಾಲು ಗಟ್ಟಿ ಅದಾವ, ಕಣ್ಣು ಚುರುಕ ಅದಾವ, ಯಾವ ಮೆಟ್ಟಿಲಾದ್ರೂ ಓಡಿ ಹತ್ತತಾಳ. ಹೋದ ತಿಂಗಳ ಒಂದು ದವಾಖಾನಿಗೆ ಒಬ್ಬಾಕಿನ ಹೋಗ್ಯಾಳ. ಚೀಟಿ ಮಾಡಿಸಿ ಬೆಂಚಿನ ಮ್ಯಾಲೆ ಕುಂತಾಳ. ನರ್ಸಬಾಯಿ ಬಾಗಲದಾಗ ನಿಂತು ಹೆಸರ ಕರದಾಳ, ಒಮ್ಮೆ, ಎರಡ ಸಲ. ಬರಲಿಲ್ಲ ಅಂತ ಚೀಟಿ ತೆಗೆದು ಕೆಳಗ ಹಾಕ್ಯಾಳ. ಮುಂಜಾನಿ ಒಂಬತ್ತಕ್ಕ ಹೋದಾಕಿ ಮಧ್ಯಾಹ್ನ ಎರಡಕ್ಕ ಬಂದ್ಲು, ಡಾಕ್ಟರನ್ನ ನೋಡಲಾರದ.

ಇದಕ್ಕ ಯಾವ ಇಂಜಿನಿಯರ್ ಬೇಕ್ರಿ? ನಂಬರ ತೋರಸೋ ಒಂದು ಕೆಂಪು ದೀಪದ ಬೋರ್ಡು, ಅದೂ ಇಲ್ಲಂದ್ರ ಒಂದು ಪಾಟಿ, ಬಳಪ. ರೊಕ್ಕದ ಮಾತಲ್ಲ ಇದು. ಕೇಳಲಾರದವರು ಬಂದಾರು ಅನ್ನೋ ಖಬರ ಇರಬೇಕು ಅಷ್ಟ.

ಒಳಗ ಹೋದ ಮ್ಯಾಲೂ ಹಂಗ. ಡಾಕ್ಟರು ಮಾಸ್ಕ ಹಾಕ್ಕೊಂಡು ಮಾತಾಡತಾರ, ತುಟಿ ಕಾಣಂಗಿಲ್ಲ. ನಾ ಜೋಡಿ ಇದ್ರ ಆಕಿನ್ನ ಬಿಟ್ಟು ನನ್ನ ಮುಖ ನೋಡಿ ಕೇಳತಾರ, "ಇವರಿಗೆ ಎಲ್ಲಿ ನೋವು?" ಮೂವತ್ತೆರಡು ವಯಸ್ಸಿನ ಹೆಣಮಗಳು. ತನ್ನ ಮುಟ್ಟಿನ ತ್ರಾಸು ಅಕ್ಕನ ಬಾಯಿಂದ ಹೇಳಿಸಬೇಕಂದ್ರ ಆಕಿಗೆ ಹೆಂಗಾಗಬ್ಯಾಡ?

ಕೋರ್ಟು ಕಟ್ಟೆ

ಅಕ್ಕಾವ್ರೇ, 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ಕಿವಿ ಕೇಳಿಸದ ವಕೀಲೆ ಸಾರಾ ಸನ್ನಿ ಸಂಜ್ಞಾ ಭಾಷೆಯಲ್ಲಿ ವಾದ ಮಾಡಿದರು, ದುಭಾಷಿ ಅದನ್ನ ಮಾತಿಗೆ ತಂದರು. ನ್ಯಾಯಮೂರ್ತಿ ನಾಗಪ್ರಸನ್ನ ಅವರ ಪೀಠ. ಹೈಕೋರ್ಟಿಗೆ ದುಭಾಷಿ ಬಂದರು ಅಂದಮೇಲೆ ಜಿಲ್ಲಾ ಆಸ್ಪತ್ರೆಗೆ ವಿಡಿಯೋ ಕರೆಯಲ್ಲಾದರೂ ಯಾಕೆ ಬರಬಾರದು ಅಂತ ಕೇಳೋಕೆ ನಿಮಗೆ ಜಾಗ ಸಿಕ್ಕಿದೆ.

ಧಾರವಾಡದ ಅಕ್ಕ

ವಿಡಿಯೋ ತಂಗಿಗೆ ತೋರಿಸ್ತೀನ್ರಿ. ಮೊದಲು ಪಾಟಿ ಇಡಸ್ತೀನಿ.

ಅಚ್ಚಗನ್ನಡ

ಇಲ್ಲಿ ಕೆಲವರು ಅಂಗವಿಕಲ ಅಂತ ಬರೀತಿದ್ದೀರಿ. ಸರ್ಕಾರವೇ ವಿಕಲಚೇತನ ಅಂತ ಬಳಸುತ್ತೆ. ವಿಶೇಷಚೇತನ ಅಂದರೆ ಇನ್ನೂ ಗೌರವ. ದಯವಿಟ್ಟು ಪದಗಳ ಮೇಲೆ ನಿಗಾ ಇರಲಿ.

ಮೂರನೇ ಮೆಟ್ಟಿಲು

ಸ್ವಾಮಿ, ನನ್ನ ಅಂಗ ವಿಕಲ, ಒಪ್ತೀನಿ. ಚೇತನ ಯಾಕೆ ವಿಕಲ ಆಗಬೇಕು? ಆ ಪದ ಬಿಡಿಸಿ ನೋಡಿದ್ರೆ ಬೈಗುಳವೇ. ಇನ್ನು "ವಿಶೇಷ" ಅಂದ್ರೆ ನಮ್ಮ ಕಡೆ ಮದುವೆ ಮನೆ ಊಟಕ್ಕೆ ಹೇಳೋದು. ನೀವು ಏನಾದ್ರೂ ಕರೀರಿ, ಕರೆದಾಗ ನಾನು ಒಳಗೆ ಬರೋ ಹಾಗಿರಲಿ.

ನಿರ್ವಾಹಕರು

ಪದದ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಅವರವರು ತಮ್ಮನ್ನ ಏನೆಂದು ಕರೆದುಕೊಳ್ತಾರೋ ಅದೇ ನಡೆಯಲಿ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ 1990ರ ಜುಲೈ 26ಕ್ಕೆ ಅಂಗವಿಕಲರ ಹಕ್ಕಿನ ಎಡಿಎ ಕಾಯ್ದೆಗೆ ಸಹಿ ಬಿತ್ತು. ಇಲ್ಲೂ ಅದೇ 1:12. ಅಮ್ಮ ಚನ್ನರಾಯಪಟ್ಟಣದಿಂದ ಬಂದಾಗ ಗಾಲಿಕುರ್ಚಿಯಲ್ಲಿ ಗ್ರಂಥಾಲಯ, ದಿನಸಿ ಅಂಗಡಿ, ಎಲ್ಲ ಕಡೆ ತಾವೇ ಓಡಾಡಿದರು. ಊರಿಗೆ ವಾಪಸ್ ಹೋದ ಮೇಲೆ ಜಗಲಿ ದಾಟಿಲ್ಲ. ನಮ್ಮವರಿಗೆ ಮನಸ್ಸೇ ಇಲ್ಲ ಅನ್ಸುತ್ತೆ.

ಹೇಮಾವತಿ ದಂಡೆ

ಮನಸ್ಸಿನ ಮಾತು ಆಮೇಲೆ ಸಾರ್. ಜಗಲಿ ನಿಮ್ಮ ಮನೆಯದ್ದೇ ಅಲ್ವಾ? ಮೇಸ್ತ್ರಿ ನಂಬರ್ ಬೇಕಾದ್ರೆ ಕೊಡ್ತೀನಿ.

ಎಡಿಸನ್ ಕನ್ನಡಿಗ

ಕೊಡಿ. ತಮಾಷೆ ಅಲ್ಲ, ನಿಜಕ್ಕೂ ಕೊಡಿ.

ಶಿಲಾಬಾಲಿಕೆ

ದೇವಸ್ಥಾನಗಳ ಬಗ್ಗೆ ಯಾರೂ ಎತ್ತಲಿಲ್ಲ. ಬೇಲೂರು ಚೆನ್ನಕೇಶವ ಗುಡಿ ಎತ್ತರದ ಜಗತಿಯ ಮೇಲಿದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಗೆ ಈಗ ಸಿಮೆಂಟ್ ರ‍್ಯಾಂಪ್ ಅಂಟಿಸೋಕಾಗುತ್ತಾ? ಸಂರಕ್ಷಿತ ಸ್ಮಾರಕಕ್ಕೆ ಮೊಳೆಯನ್ನೂ ಹೊಡೆಯುವಂತಿಲ್ಲ. ಎಲ್ಲದಕ್ಕೂ ಒಂದೇ ಅಳತೆಗೋಲು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಬೆದ್ರದ ಇಂಜಿನಿಯರ್

ಅಂಟಿಸಬೇಕು ಅಂತ ಯಾರು ಹೇಳಿದ್ದು? ಸ್ಟೀಫನ್ ಹಾಕಿಂಗ್ 2001ರ ಜನವರಿಯಲ್ಲಿ ದೆಹಲಿಗೆ ಬಂದಾಗ ಪುರಾತತ್ವ ಇಲಾಖೆ ಕುತುಬ್ ಮಿನಾರ್, ಜಂತರ್ ಮಂತರ್‌ನಂಥ ಕಡೆ ಮರದ ರ‍್ಯಾಂಪ್ ಇಟ್ಟಿತು. ಕಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಬೇಕಾದಾಗ ಇಡುವುದು, ಬೇಡವಾದಾಗ ತೆಗೆಯುವುದು. ವಿಜ್ಞಾನಿಗೆ ಆದದ್ದು ಊರಿನ ಅಜ್ಜಿಗೂ ಆಗಬೇಕಲ್ಲ.

ಕೋರ್ಟು ಕಟ್ಟೆ

ಕಾಯ್ದೆ ಸಾರ್ವಜನಿಕ ಕಟ್ಟಡ ಅಂತ ಹೇಳುವಾಗ ಸರ್ಕಾರಿ, ಖಾಸಗಿ ಎರಡನ್ನೂ ಸೇರಿಸಿದೆ. ಧಾರ್ಮಿಕ ಚಟುವಟಿಕೆಯ ಜಾಗಗಳೂ ಅದರಲ್ಲಿ ಬರುತ್ತವೆ. ಹೊಸದಾಗಿ ಕಟ್ಟೋ ಗುಡಿ, ಕಲ್ಯಾಣ ಮಂಟಪಗಳಿಗೆ ಹೊಯ್ಸಳರ ನೆಪ ಹೇಳೋ ಹಾಗಿಲ್ಲ.

ಲೆಕ್ಕಿಗ

ಮೊನ್ನೆ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಒಪ್ಪಿದೆ. ಆದ್ರೆ ಮನೆಗೇ ಸೇವೆ ಅನ್ನೋದು ಕೆಟ್ಟದ್ದಾ? 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ ಮನೆಯಲ್ಲೇ ಮತ ಹಾಕಿಸಿದ್ರಲ್ಲ. ಅದು ಒಳ್ಳೇ ವ್ಯವಸ್ಥೆಯೇ.

ಮೂರನೇ ಮೆಟ್ಟಿಲು

ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ, ನಮ್ಮ ದೊಡ್ಡಪ್ಪನೇ ಹಾಗೆ ಹಾಕಿದರು. ನನ್ನನ್ನೂ ಕೇಳಿದ್ದರು, ಬೇಡ ಅಂದೆ. ಶಾಲೆಗೆ ಹೋಗಿ, ಸಾಲಲ್ಲಿ ನಿಂತು (ಕೂತು), ಯಾರು ಗೆಲ್ತಾರೆ ಅಂತ ಹರಟೆ ಹೊಡೆದು, ಬೆರಳಿಗೆ ಶಾಯಿ ಹಾಕಿಸ್ಕೊಂಡು, ಬರ್ತಾ ಕಾಫಿ ಕುಡೀಬೇಕು. ಮತ ಹಾಕೋದು ಅಂದ್ರೆ ನನಗೆ ಇಷ್ಟೂ ಸೇರಿ. ಅವತ್ತು ಬೂತಿಗೆ ಹಲಗೆ ಹಾಕಿ ರ‍್ಯಾಂಪ್ ಮಾಡಿದ್ರು, ಚೆನ್ನಾಗೇ ಇತ್ತು. ಮಾರನೇ ದಿನ ಹಲಗೆ ಶಾಮಿಯಾನದವನ ಜೊತೆ ಹೋಯ್ತು. ಆ ಶಾಲೆಯಲ್ಲಿ ಕ್ಯಾಲಿಪರ್ ಹಾಕೋ ಒಬ್ಬ ಹುಡುಗ ಓದ್ತಾನೆ.

ಕೇಳಿ ಓದುವವ

ಮತಯಂತ್ರದಲ್ಲಿ ಗುಂಡಿಯ ಪಕ್ಕ ಬ್ರೈಲ್ ಅಂಕಿ ಇದೆ. ನಾನೇ ಮುಟ್ಟಿ ಒತ್ತಿದೆ. ಅಧಿಕಾರಿ "ನಾನು ಒತ್ತಲಾ ಸರ್" ಅಂತ ಮೂರು ಸಲ ಕೇಳಿದರು, ಪಾಪ ಒಳ್ಳೇ ಮನಸ್ಸಿಂದಲೇ. ಯಂತ್ರ ತಯಾರಾಗಿತ್ತು, ಅವರು ಆಗಿರಲಿಲ್ಲ.

ಮೂರನೇ ಮೆಟ್ಟಿಲು, ನಾಲ್ಕು ವಾರದ ನಂತರ

ಏನಾಯ್ತು ಅಂತ ಕೇಳಿದವರಿಗೆ.

ಮಾಹಿತಿ ಹಕ್ಕಿನಲ್ಲಿ ಕಾಗದ ಬಂತು. ಎಸ್ಟಿಮೇಟಲ್ಲಿ ಚಾಕರರು ಹೇಳಿದ ಹಾಗೇ ಇದೆ, "ರ‍್ಯಾಂಪ್, ಒಂದು". ಉದ್ದ ಇಲ್ಲ, ಇಳಿಜಾರಿಲ್ಲ. ಗ್ರಾನೈಟಿನ ದರ ಮಾತ್ರ ಪೈಸೆ ಸಮೇತ ಇದೆ. ಕುಂದುಕೊರತೆ ಅಧಿಕಾರಿ ಯಾರು ಅಂತ ಕೇಳಿದ್ದಕ್ಕೆ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ರು. ಮೂರು ದಿನ ಬಿಟ್ಟು ಒಬ್ಬರ ಹೆಸರು ಬರೆದು ಬಾಗಿಲಿಗೆ ಅಂಟಿಸಿದ್ದಾರೆ.

ಮೊನ್ನೆ ಕಿರಿಯ ಇಂಜಿನಿಯರ್ ಬಂದಿದ್ರು, ಚಿಕ್ಕ ವಯಸ್ಸಿನ ಹುಡುಗಿ. ನಾನು ಏನೂ ವಾದ ಮಾಡಲಿಲ್ಲ. "ಮೇಡಂ, ಈ ಕುರ್ಚಿ ಮೇಲೆ ಕೂತು ನೀವೇ ಹತ್ತಿ ನೋಡಿ, ನಾನು ಆ ಬೆಂಚಿನ ಮೇಲೆ ಕೂತಿರ್ತೀನಿ" ಅಂದೆ. ಕೂತರು. ಎರಡು ಅಡಿ ಹತ್ತಿ ಇಳಿದುಬಿಟ್ಟರು. ಪಕ್ಕದ ಗೋಡೆ ಉದ್ದಕ್ಕೆ ತಿರುವು ರ‍್ಯಾಂಪಿಗೆ ಅಳತೆ ತಗೊಂಡು ಹೋಗಿದ್ದಾರೆ. ಹಣ ಯಾವ ಬಾಬ್ತಿನಿಂದ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲವಂತೆ. ಅಲ್ಲಿವರೆಗೆ ಕೆಳಗೆ ಒಂದು ಕರೆಗಂಟೆ ಹಾಕಿಸಿದ್ದಾರೆ. ಬೈಕು ಈಗಲೂ ನಿಲ್ತಾವೆ, ಗಂಟೆಯ ಮುಂದೆಯೇ. ಶೌಚಾಲಯದ ಬೀಗ ಹಾಗೇ ಇದೆ.

ಆಯುಕ್ತರಿಗೆ ಕಳಿಸೋ ದೂರನ್ನ ಈಗ ಬರೆದಿದ್ದೀನಿ. ಕರುಣೆ ತೆಗೆದೆ, ಅಳತೆ ಹಾಕಿದೆ. ಯೂನಿಕೋಡಲ್ಲಿ. ಕೇಳಿ ಓದುವವರೇ, ಮೊದಲು ನೀವು ನೋಡಿ ಹೇಳಿ. ಅಂಗಡಿಯಲ್ಲೂ ಬೋರ್ಡು ಹಾಕಿದ್ದೀನಿ: "ಯೂನಿಕೋಡ್ ಪ್ರತಿ ಬೇಕಾದವರಿಗೆ ಹೆಚ್ಚಿನ ಹಣ ಇಲ್ಲ". ಇದುವರೆಗೆ ಯಾರೂ ಕೇಳಿಲ್ಲ. ನಾನೇ ಕೊಡ್ತಿದ್ದೀನಿ.

ಕೇಳಿ ಓದುವವ

ಪೂರ್ತಿ ಕೇಳಿಸ್ಕೊಂಡೆ. ಒಂದು ಕಡೆಯೂ ಪೌಂಡ್ ಬರಲಿಲ್ಲ!

ಎರಡನೇ ಪುಟ, ನಾಲ್ಕನೇ ಸಾಲು: "1:12ರ ಪ್ರಕಾರ ಸದರಿ ರ‍್ಯಾಂಪ್ 81 ಅಡಿ ಉದ್ದ ಇರತಕ್ಕದ್ದು" ಅಂತ ಇದೆ. ಅಷ್ಟುದ್ದ ಕಟ್ಟಿದ್ರೆ ಬಸ್ ಸ್ಟ್ಯಾಂಡ್ ಮುಟ್ಟುತ್ತೆ. 18 ಮಾಡಿ.

ಮೂರನೇ ಮೆಟ್ಟಿಲು

ಅಯ್ಯೋ! ಐದು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ತಿದ್ದಿ ಹಾಕಿದ್ದೀನಿ, ಇನ್ನೊಂದ್ಸಲ ಕೇಳಿಬಿಡಿ. ನಾಳೆ ಸ್ಪೀಡ್ ಪೋಸ್ಟ್ ಮಾಡಬೇಕು. ಅಂಚೆ ಕಚೇರಿಗೆ ಎರಡೇ ಮೆಟ್ಟಿಲು, ಹುಡುಗನ್ನ ಕಳಿಸ್ತೀನಿ.